ಸೊಟ್ಟ ಸಿಂಹದ ರೂಪಾಯಿ

ತಪ್ಪು ಹುಡುಕುವುದು ನನಗೆ ಕರಗತವಾದ ವಿದ್ಯೆ. ಅಕ್ಕಿಯಲ್ಲಿ ಕಲ್ಲು, ಅವರೆಯಲ್ಲಿ ಹುಳು, ನಾದಿನಿಯ ಸಾರಿನಲ್ಲಿ ಉಪ್ಪು, ಯಾವುದೂ ನನ್ನಿಂದ ತಪ್ಪಿಸಿಕೊಂಡಿಲ್ಲ. ಮೆಚ್ಚಿದವರು ಮಾತ್ರ ಯಾರೂ ಇರಲಿಲ್ಲ. ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯಗಳನ್ನು ಹುಡುಕಿ ಕೂಡಿಡುವವರಿದ್ದಾರೆಂದು ಫೋನಿನಲ್ಲಿ ನೋಡಿದ ದಿನ, ನನ್ನ ಗುಣಕ್ಕೂ ಲೋಕದಲ್ಲಿ ಒಂದು ಮರ್ಯಾದೆಯಿದೆಯೆಂದು ಹಿಗ್ಗಿದೆ.

ಅಂದಿನಿಂದ ಕೊಳ್ಳೇಗಾಲದ ಯಾವ ಅಂಗಡಿಯವನು ಚಿಲ್ಲರೆ ಕೊಟ್ಟರೂ ಮೊದಲು ಕನ್ನಡಕ ಏರಿಸುತ್ತೇನೆ. ಸಿಂಹವನ್ನು ನೆಟ್ಟಗೆ ಹಿಡಿದು ಪುಸ್ತಕದ ಹಾಳೆಯಂತೆ ತಿರುವುತ್ತೇನೆ. ಹಿಂದಿನ ಅಂಕಿಯೂ ನೆಟ್ಟಗಿದ್ದರೆ ಸರಿ, ವಾಲಿದ್ದರೆ ಅಚ್ಚಿನ ತಪ್ಪು. ತರಕಾರಿಯವನು ಒಮ್ಮೆ, "ನಾನೇನ್ ಖೋಟಾ ಕಾಸು ಕೊಟ್ನಾ ಅಕ್ಕಾ? ಬೇಕಾರೆ ಕಡ್ದು ನೋಡ್ಕಳಿ" ಎಂದ. ಮೊದಮೊದಲು ಮೋಸವೂ ಹೋದೆ. ಅಂಚು ಚಪ್ಪಟೆಯಾದ ಎಂಟಾಣೆಯೊಂದನ್ನು ಅಪರೂಪದ್ದೆಂದು ಹತ್ತಿಯಲ್ಲಿ ಸುತ್ತಿಟ್ಟಿದ್ದೆ. ನಮ್ಮ ಮನೆಯವರು ನೋಡಿ, "ಲೇ, ಇದು ನಾನು ಮಿಕ್ಸಿ ಸ್ಕ್ರೂ ತಿರುಗಿಸೋ ಕಾಸು ಕಣೆ, ಎಲ್ಲೋಗಿತ್ತು?" ಎಂದು ಎತ್ತಿಕೊಂಡು ಹೋದರು. ಹುಟ್ಟಿನಿಂದ ಬಂದ ತಪ್ಪಿಗಷ್ಟೇ ಬೆಲೆ, ಬಳಸಿ ಬಳಸಿ ಕೆಟ್ಟದ್ದಕ್ಕಿಲ್ಲ ಎಂದು ಆಗ ಕಲಿತೆ. ಗಂಡಂದಿರ ವಿಷಯದಲ್ಲಿ ಇದು ಹೇಗೋ ತಿಳಿಯದು.

ಕೊನೆಗೊಮ್ಮೆ, ಯಳಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಎಳನೀರಿನವನು ಕೊಟ್ಟ ಚಿಲ್ಲರೆಯಲ್ಲಿ ಅದು ಸಿಕ್ಕಿತು. ಹಳೆಯ ಒಂದು ರೂಪಾಯಿ. ಅಚ್ಚು ಜರುಗಿ ಒಂದು ಸಿಂಹ ಅಂಚಿನಾಚೆ ಹೊರಟುಹೋಗಿದೆ. ಅದರ ಎದುರಿನ ಅಂಚಿನಲ್ಲಿ ಬಿದಿಗೆ ಚಂದ್ರನಷ್ಟು ಬೋಳು ಜಾಗ. ಉಜ್ಜಿದ ಗುರುತಿಲ್ಲ, ಹಿಂದೆಯೂ ಅಷ್ಟೇ ಬೋಳು. ಅಪ್ಪಟ ತಪ್ಪು. ತಂದು ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಹಿಂದೆ ಇಟ್ಟೆ.

ಮರುದಿನ ಅದಿಲ್ಲ. ಅತ್ತೆಯನ್ನು ಕೇಳಿದರೆ ಅರಿಸಿನದ ಬಟ್ಟೆಯ ಗಂಟು ತೋರಿಸಿದರು. ಮಾದಪ್ಪನ ಬೆಟ್ಟಕ್ಕೆ ಮುಡಿಪು. "ನಿನ್ ಮಂಡಿನೋವ್ಗೇ ಕಟ್ಟಿವ್ನಿ ಕಣವ್ವ. ವಾಸಿಯಾದ್ರೆ ಬೆಟ್ಟಕ್ಕೆ ನಡ್ಕಂಡೇ ಬತ್ತಾಳೆ ಅಂತ ಹರಸ್ಕಂಡಿವ್ನಿ."

"ಬಿಚ್ಚಿ ಬೇರೆ ಕಾಸು ಹಾಕ್ಲಾ ಅತ್ತೆ?"

"ಮಾದಪ್ಪನ್ಗೆ ಕಟ್ಟಿದ್ದ ಬಿಚ್ಚಾದುಂಟಾ? ಮಂಡಿ ಜೊತೆ ಸೊಂಟಾನೂ ಹಿಡ್ಕತದೆ."

ಬಹಳ ಯೋಚಿಸಿದ ಮೇಲೆ ಉಪಾಯ ಹೊಳೆಯಿತು. ತೂತು ಬಿದ್ದ ಎಲೆ, ಒಡಕಲು ಕಾಯಿ ದೇವರಿಗೆ ಸಲ್ಲದು ಎನ್ನುವವರು ಅತ್ತೆಯೇ. "ಅತ್ತೆ, ಆ ರೂಪಾಯಿ ಊನ. ಒಂದು ಸಿಂಹಕ್ಕೆ ಮುಖಾನೇ ಇಲ್ಲ. ಊನ ಇರೋದು ದೇವ್ರಿಗಾಯ್ತದಾ?" ಎಂದೆ.

ಅತ್ತೆಯ ಮುಖ ಬಿಳುಚಿತು. "ಮೊದ್ಲೇ ಯೋಳ್ಬಾರ್ದಾ?" ಎಂದು ಕೆನ್ನೆ ಬಡಿದುಕೊಂಡು ಗಂಟು ಬಿಚ್ಚತೊಡಗಿದರು. ಗೆದ್ದ ಸಂತೋಷದಲ್ಲಿ ಬದಲಿ ರೂಪಾಯಿ ತೊಳೆದು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅತ್ತೆಯ ಕೈಯಲ್ಲಿ ಮಲ್ಲಿಗೆಯಿತ್ತು. ಹೂವು ಮಾರುವ ಮಾಂಬಳ್ಳಿಯ ಸಿದ್ದಮ್ಮ ಬೀದಿಯ ತಿರುವು ದಾಟಿದ್ದಳು.

"ಆ ಕಾಸೆಲ್ಲಿ ಅತ್ತೆ?"

"ಊನದ್ದ ಮನೇಲಿ ಮಡಿಕತಾರಾ? ಹೂವಿನ ಕಾಸ್ಗೆ ಸೇರಿಸ್ಕೊಟ್ಬುಟ್ಟೆ."

ಈಗ ದಿನವೂ ಸಿದ್ದಮ್ಮನನ್ನು ಅಡ್ಡಗಟ್ಟಿ, ನೋಟು ಕೊಟ್ಟು, ಬಂದ ಚಿಲ್ಲರೆಯನ್ನು ಒಂದೊಂದಾಗಿ ತಿರುವುತ್ತೇನೆ. ಸೊಟ್ಟ ಸಿಂಹ ಇನ್ನೂ ಬಂದಿಲ್ಲ. ದೇವರ ಪಟಗಳು ಮಾತ್ರ ಹೂವಿನಲ್ಲಿ ಮುಳುಗಿ, ಯಾವುದು ಯಾವ ದೇವರೆಂದೇ ತಿಳಿಯದ ಹಾಗಾಗಿವೆ. ಹನೂರಿನಿಂದ ಬಂದ ನಾದಿನಿಗೆ ಅತ್ತೆ, "ಮಾದಪ್ಪ ಕಣ್ಬುಟ್ಟ ಕಣವ್ವ, ನಿಮ್ ಅತ್ಗೆಗೆ ಭಕ್ತಿ ಬಂದದೆ" ಎಂದು ಪಿಸುಗುಟ್ಟುತ್ತಿದ್ದರು.

ತಿರುವಿನವರೆಗೆ ಓಡಿ ಓಡಿ ಮಂಡಿನೋವೂ ಇಳಿದಿದೆ. ಬಾಯಿ ಬಿಟ್ಟರೆ ಬೆಟ್ಟಕ್ಕೆ ನಡೆಯಬೇಕಲ್ಲ. ಅದಕ್ಕೇ ಅತ್ತೆಯ ಮುಂದೆ ತಪ್ಪದೆ ಕುಂಟುತ್ತೇನೆ. ಸಿದ್ದಮ್ಮನ ಕೂಗು ಕೇಳಿದಾಗ ಮಾತ್ರ ಮರೆತುಹೋಗುತ್ತದೆ.