ಕಂಬಳಿಯ ಆಚೆ ಅತ್ತೆ

ಎಲ್ಲ ಶುರುವಾದದ್ದು ಒಂದು ಸೀನಿನಿಂದ. ಜಾನೆತ್ ಊರಿನ ದಾರಿಬಲ್ಲ ಮುದುಕ ಊಖಾ ಬೆಳಗಿನ ಮೊದಲ ಲೋಟ ಚಹಾ ಎತ್ತಿದವನು ಸೀನಿದ. ಸೀನಿದ್ದೇ ತಡ, ಸೊಂಟ ಹಿಡಿದುಕೊಂಡಿತು. ಅರವತ್ತು ವರ್ಷ ಒಂಟೆಯ ಮೇಲೆ ಕುಲುಕಾಡಿಯೂ ಗಟ್ಟಿಯಾಗಿದ್ದ ಸೊಂಟ ಒಂದು ಸೀನಿಗೆ ಸೋತುಹೋಯಿತು. ಮರುದಿನವೇ ಅವನು ಪ್ರವಾಸಿಗರಿಗೆ ದಾರಿ ತೋರಿಸುತ್ತ ಒಂಬತ್ತು ದಿನದ ಸಹಾರಾ ಪ್ರಯಾಣಕ್ಕೆ ಹೊರಡಬೇಕಿತ್ತು.

ಗಾಡಿಯ ಮಾಲೀಕ ಘೂಮಾ ತಲೆಯ ಮೇಲೆ ಕೈ ಹೊತ್ತು ಕುಳಿತ. ಅವನ ಪಕ್ಕದಲ್ಲಿ ಎರಡೂ ಕೈ ಹೊತ್ತು ಕುಳಿತವನು ಅಘಾಲಿ. ಪಾಪ, ನಾಲ್ಕು ಚಳಿಗಾಲ ಅವನು ಘೂಮಾನ ಗಾಡಿಯಲ್ಲಿ ಅಡುಗೆಯವನಾಗಿ, ಹಿಂದೆ ಈರುಳ್ಳಿ ಮೂಟೆಯ ಪಕ್ಕ ಮುದುರಿಕೊಂಡು ಮರುಭೂಮಿ ಸುತ್ತಿದ್ದ. ಲೈಸೆನ್ಸ್ ಕೈಗೆ ಬಂದು ವರ್ಷವಾಗಿತ್ತು. "ಈ ಸಲ ಸ್ಟೇರಿಂಗ್ ನಿಂದು ಕಣೋ" ಎಂದು ಘೂಮಾ ಮಾತು ಕೊಟ್ಟಿದ್ದ. ಹೆಂಡತಿ ಮೀನಾ ಅದನ್ನು ಓಣಿಗೆಲ್ಲ ಡಂಗುರ ಸಾರಿಯಾಗಿತ್ತು. ಈಗ ಪ್ರಯಾಣ ನಿಂತರೆ ಸ್ಟೇರಿಂಗೂ ಹೋಯಿತು, ಓಣಿಯಲ್ಲಿ ತಲೆಯೆತ್ತಿ ಓಡಾಡುವುದೂ ಹೋಯಿತು.

"ಅಜ್ಜಾ, ಆ ದಾರೀಲಿ ಬಾವಿಗಳು ಎಲ್ಲೆಲ್ಲಿವೆ ಅಂತ ಇನ್ಯಾರಿಗೂ ಗೊತ್ತಿಲ್ವಾ?" ಘೂಮಾ ಕೇಳಿದ.

"ಒಬ್ಬಳಿಗೆ ಗೊತ್ತು," ಮುದುಕ ಮಲಗಿದಲ್ಲೇ ನರಳಿದ. "ಖದೂಜಾಗೆ. ಚಿಕ್ಕವಳಿದ್ದಾಗ್ಲೇ ಆಡು ಹೊಡ್ಕೊಂಡು ಅಲ್ಲೆಲ್ಲ ಅಲೆದೋಳು ಅವಳು."

ಅಘಾಲಿ ತಲೆಯ ಮೇಲಿದ್ದ ಎರಡೂ ಕೈ ಇಳಿಸಿದ. ಖದೂಜಾ ಎಂದರೆ ಅವನ ಅತ್ತೆ. ಆ ಹೆಸರನ್ನು ನಾನು ಹೇಳಬಹುದು, ನೀವು ಓದಬಹುದು. ಅಘಾಲಿ ಮಾತ್ರ ಬಾಯಿ ಬಿಡುವಂತಿಲ್ಲ. ನಮ್ಮ ತುವಾರೆಗ್ ಜನರಲ್ಲಿ ಮರ್ಯಾದಸ್ಥ ಅಳಿಯನಾದವನು ಅತ್ತೆಯ ಮುಖ ನೋಡಬಾರದು, ನೇರವಾಗಿ ಮಾತಾಡಬಾರದು. ನಮ್ಮ ಗಂಡಸರು ಬಾಯಿ ಮುಚ್ಚುವಂತೆ ಸುತ್ತಿಕೊಳ್ಳುವ ಮುಂಡಾಸಿನ ಸೆರಗನ್ನು ಅವಳೆದುರು ಇಳಿಸಿ ಒಂದು ತುತ್ತು ತಿಂದರಂತೂ ಮಾನ ಹೋಯಿತೆಂದೇ ಲೆಕ್ಕ. ಎಂಟು ವರ್ಷದಿಂದ ಒಂದೇ ಅಂಗಳದಲ್ಲಿ ಬಾಳುತ್ತಿದ್ದರೂ ಅಘಾಲಿಗೆ ಅತ್ತೆಯ ಬಗ್ಗೆ ಗೊತ್ತಿದ್ದದ್ದು ಎರಡೇ ಸಂಗತಿ: ಅವಳ ಹಳದಿ ಚಪ್ಪಲಿ ಮತ್ತು ಅವಳ ಕೆಮ್ಮು.

"ಒಂಬತ್ತು ದಿನ ಒಂದೇ ಗಾಡೀಲಾ! ಅಣ್ಣಾ, ಹೊಟ್ಟೆಗಿಲ್ದೆ ಸತ್ತೇಹೋಗ್ತೀನಿ!"

"ಸಾಯೋದಿದ್ರೆ ಹತ್ತನೇ ದಿನ ಸಾಯಿ. ಗಾಡಿ ವಾಪಸ್ ತಂದ್ಮೇಲೆ."

ಅಷ್ಟರಲ್ಲಿ ಖದೂಜಾ ಹೊರಡಲು ಒಪ್ಪಿದ ಸುದ್ದಿ ಹಬ್ಬಿ, ಉಪದೇಶ ಮಾಡಲು ಓಣಿಯೇ ನೆರೆಯಿತು. "ಮಧ್ಯದಲ್ಲಿ ಒಂದು ಕಂಬಳಿ ಕಟ್ಟು ಮಾರಾಯಾ," ಎಂದ ಗ್ಯಾರೇಜಿನ ಕೆನಾನ್. "ಅವರು ಹಿಂದೆ, ನೀನು ಮುಂದೆ. ಕಾಣದೇ ಇದ್ರೆ ನಾಚಿಕೆ ಎಲ್ಲಿಂದ ಬಂತು?"

"ಕಂಬಳಿ ಕಣ್ಣಿಗಾಯ್ತು, ಕಿವಿಗೆ?" ಎಂದಳು ಪಕ್ಕದ ಮನೆಯ ತಾಮು ಚಿಕ್ಕಮ್ಮ. "ಅಗಿಯೋ ಸದ್ದು ಕೇಳಿಸಲ್ವಾ? ಖರ್ಜೂರ ಇಟ್ಕೋ ಮಗಾ. ಸದ್ದಿಲ್ದೆ ಚೀಪ್ತಾ ಇರು."

"ಬೀಜ ಉಗುಳೋದು?"

"ನುಂಗು."

ಅಘಾಲಿ ತನ್ನ ಕೈಯಾರೆ ಕಂಬಳಿ ಕಟ್ಟಿದ. ನಾಲ್ಕು ಮೂಲೆಗೂ ಎರಡೆರಡು ಗಂಟು ಹಾಕಿದ. ಆದರೆ ಪ್ರಯಾಣ ಹೊರಡಬೇಕಿದ್ದ ಹೆರ್ಮಿನಾ ಎಂಬ ನಿವೃತ್ತ ಮೇಷ್ಟ್ರಮ್ಮ ಅಷ್ಟಕ್ಕೆ ಒಪ್ಪಲಿಲ್ಲ. ವಿಯೆನ್ನಾದಿಂದ ಬಂದ ಅವಳ ಕೈಯಲ್ಲಿ ಎಂಟು ಪುಟದ ಪಟ್ಟಿಯಿತ್ತು. "ಚಾಲಕನೂ ಹೊಸಬ, ದಾರಿ ತೋರಿಸೋರೂ ಹೊಸಬರು. ಇವತ್ತೇ ಹತ್ತಿರದ ಬಾವಿಗೆ ಹೋಗಿ ಬರೋಣ. ಪಾಸಾದ್ರೆ ನಾಳೆ ಹೊರಡ್ತೀವಿ," ಎಂದು ಅವಳು ಮುಂದಿನ ಸೀಟು ಹತ್ತಿ ಪೆನ್ನು ತೆಗೆದಳು.

ಊರು ದಾಟಿದ ಮೇಲೆ ಕಂಬಳಿಯಾಚೆ, ಪಕ್ಕದ ಕಿಟಕಿಯ ಬಳಿಯಿಂದ, ಕೆಮ್ಮು ಕೇಳಿಸಿತು. ಅತ್ತೆ ಅಳಿಯನ ಜೊತೆ ಮಾತಾಡುವಂತಿಲ್ಲವಲ್ಲ, ಗಾಡಿಯ ಜೊತೆ ಮಾತಾಡಿದಳು. "ಏ ಗಾಡಿ, ಕರಿ ಬಂಡೆ ಬಂದಾಗ ಬಲಕ್ಕೆ ಹೊರಳು."

"ಗಾಡಿ, ಆಗಲಿ ಅಂತ ಹೇಳು," ಎಂದ ಅಘಾಲಿ ಸ್ಟೇರಿಂಗಿಗೆ.

ಹೆರ್ಮಿನಾ ಕನ್ನಡಕ ಸರಿಮಾಡಿಕೊಂಡಳು. "ಯಾರ ಜೊತೆ ಮಾತು?"

"ಗಾಡಿ ಜೊತೆ ಮೇಡಂ."

"ಗಾಡಿ ಉತ್ತರ ಕೊಡುತ್ತಾ?"

"ಕೊಡುತ್ತೆ. ಹಿಂದುಗಡೆಯಿಂದ."

ಮೇಷ್ಟ್ರಮ್ಮ ಏನನ್ನೋ ಬರೆದುಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೆಮ್ಮು. "ಏ ಗಾಡಿ, ಮುಂದೆ ಮೆತ್ತನೆ ಮರಳು. ನಿನ್ನ ಟೈರಲ್ಲಿ ಗಾಳಿ ಜಾಸ್ತಿಯಾಯ್ತು. ಸ್ವಲ್ಪ ಬಿಡು."

ಅಘಾಲಿಗೆ ಉರಿಯಿತು. ದಾರಿ ಹೇಳುವುದು ಸರಿ, ಆದರೆ ಆಡು ಕಾದವರಿಗೆ ಟೈರಿನ ಉಸಾಬರಿ ಯಾಕೆ? ಅವನು ಗಾಳಿ ಬಿಡಲಿಲ್ಲ.

"ಏ ಗಾಡಿ, ಎರಡನೇ ಗೇರಲ್ಲೇ ಹೋಗು. ಎಲ್ಲೂ ನಿಲ್ಲಬೇಡ."

ಅಘಾಲಿ ಹಟಕ್ಕೆ ಬಿದ್ದು ಮೂರನೇ ಗೇರು ಹಾಕಿದ. ಗಾಡಿ ಒಮ್ಮೆ ಗುರುಗುಟ್ಟಿ, ಒಮ್ಮೆ ಮುಗ್ಗರಿಸಿ, ಅರ್ಧ ಚಕ್ರದವರೆಗೆ ಮರಳಲ್ಲಿ ಹೂತು ಕುಳಿತಿತು. ಕಂಬಳಿಯಾಚೆಯಿಂದ ಕೆಮ್ಮೂ ಬರಲಿಲ್ಲ. ಅದೇ ಅವನಿಗೆ ಹೆಚ್ಚು ಅವಮಾನವಾಯಿತು.

ನೆತ್ತಿಯ ಮೇಲೆ ಬಿಸಿಲು. ಅಘಾಲಿ ಸಲಿಕೆ ಹಿಡಿದು ಒಂದು ಬುಟ್ಟಿಯಷ್ಟು ಮರಳು ತೆಗೆದರೆ ಎರಡು ಬುಟ್ಟಿಯಷ್ಟು ಜಾರಿ ಬರುತ್ತಿತ್ತು. ಅತ್ತೆ ಗಾಡಿಯ ನೆರಳಲ್ಲಿ ನೀರಿನ ಕ್ಯಾನಿಗೆ ಒರಗಿಕೊಂಡು ಕುಳಿತಿದ್ದಳು. ಹೆರ್ಮಿನಾ ಮರುಕದಿಂದ ಬಾಟಲಿ ನೀಡಿದಳು. "ಕುಡೀರಿ. ಬಾಯಾರಿಲ್ವಾ?"

'ಇಲ್ಲ' ಎನ್ನುವುದಕ್ಕೂ ನಾಲಿಗೆಯಲ್ಲಿ ಪಸೆಯಿರಲಿಲ್ಲ. ಕಣ್ಣು ಕತ್ತಲಿಡುವ ಹೊತ್ತಿಗೆ ಅವನು ಬಾಟಲಿ ಕಿತ್ತುಕೊಂಡು, "ದಾರಿ ನೋಡ್ಕೊಂಡ್ ಬರ್ತೀನಿ" ಎಂದು ಗೊಣಗಿ, ದೂರದ ಬಂಡೆಯ ಹಿಂದಕ್ಕೆ ಓಡಿದ. ಸೆರಗು ಇಳಿಸಿ ಗಟಗಟ ಕುಡಿದ. ಅಂಗಿಯೊಳಗಿನ ರೊಟ್ಟಿ ತೆಗೆದು, ಎಂಟು ದಿನ ಉಪವಾಸ ಬಿದ್ದವನಂತೆ ಮುಕ್ಕಿದ. ಆಹಾ, ಅದೆಂಥ ಸುಖ! ಬಂಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದ.

ಎಂಜಿನ್ ಸದ್ದಿಗೆ ಬೆಚ್ಚಿ ಎದ್ದ. ಇಣುಕಿ ನೋಡಿದರೆ, ಟೈರುಗಳ ಗಾಳಿ ಇಳಿಸಿಕೊಂಡ ಗಾಡಿ ಮೆಲ್ಲನೆ ಹಿಂದಕ್ಕೆ ಸರಿದು, ಹೂತ ಜಾಗ ಬಿಟ್ಟು, ದಿಬ್ಬವನ್ನು ಓರೆಯಾಗಿ ಏರಿ ಗಟ್ಟಿ ನೆಲದ ಮೇಲೆ ನಿಂತಿತ್ತು. ಮೇಷ್ಟ್ರಮ್ಮ ಗಟ್ಟಿಗಿತ್ತಿ ಎಂದುಕೊಂಡು ಓಡಿ ಬಂದ. ಬಂದರೆ ಮೇಷ್ಟ್ರಮ್ಮ ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದಾಳೆ! ಅಘಾಲಿ ತಲೆ ತಗ್ಗಿಸಿಕೊಂಡೇ ಚಾಲಕನ ಕಡೆಯ ಬಾಗಿಲು ತೆರೆದ. ಕ್ಲಚ್ಚಿನ ಮೇಲೆ ಒಂದು ಹಳದಿ ಚಪ್ಪಲಿ, ಬ್ರೇಕಿನ ಮೇಲೆ ಇನ್ನೊಂದು.

ಸಂಜೆ ಊಖಾ ಮುದುಕ ನಕ್ಕು ನಕ್ಕು ಸೊಂಟ ಇನ್ನಷ್ಟು ಕೆಡಿಸಿಕೊಂಡ. "ನಿನ್ನ ಮಾವ ಇಪ್ಪತ್ತು ವರ್ಷ ಲಾರಿ ಓಡಿಸಿದ್ನಲ್ಲೋ! ಅವನು ನಿದ್ದೆ ಹೊಡೆಯುವಾಗ ಓಡಿಸ್ತಿದ್ದೋಳು ಯಾರು ಅಂದ್ಕೊಂಡೆ? ಅವಳ ಲೈಸೆನ್ಸಿಗೆ ನಿನಗಿಂತ ಜಾಸ್ತಿ ವಯಸ್ಸು. ಎಂಟು ವರ್ಷ ಒಂದೇ ಮನೇಲಿದ್ದು ಗೊತ್ತಿಲ್ವಾ?"

"ಹೆಂಗೆ ಕೇಳ್ಲಿ ಅಜ್ಜಾ?" ಅಘಾಲಿಗೆ ಅಳು ಬರುವುದೊಂದು ಬಾಕಿ.

ಹೆರ್ಮಿನಾ ಪಟ್ಟಿಯಲ್ಲಿ ಅಘಾಲಿಯ ಹೆಸರಿಗೆ ಅಡ್ಡಗೆರೆ ಎಳೆದಳು. "ಖದೂಜಾ ಅವರಿಗೆ ದಾರೀನೂ ಗೊತ್ತು, ಗಾಡೀನೂ ಗೊತ್ತು. ಅವರೇ ಓಡಿಸ್ಲಿ."

"ನೀನೇನೂ ಚಿಂತೆ ಮಾಡ್ಬೇಡ ಕಣೋ," ಘೂಮಾ ಅಘಾಲಿಯ ಬೆನ್ನು ತಟ್ಟಿದ. "ನಿನ್ನ ಹಳೇ ಕೆಲಸ ಎಲ್ಲೂ ಹೋಗಿಲ್ಲ."

ಮರುದಿನ ಬೆಳಿಗ್ಗೆ ಓಣಿಯವರೆಲ್ಲ ಕೈಬೀಸಿದರು. ಮೀನಾ ತನ್ನ ಅಮ್ಮನಿಗೆ ಮಾತ್ರ ಕೈಬೀಸಿದಳು. ಅಘಾಲಿ ಹಿಂದೆ, ಈರುಳ್ಳಿ ಮೂಟೆಯ ಪಕ್ಕ, ತಾನೇ ಎರಡೆರಡು ಗಂಟು ಹಾಕಿ ಕಟ್ಟಿದ ಕಂಬಳಿಯ ಈಚೆ ಕುಳಿತಿದ್ದ. ಹೋಗಲಿ, ಇಲ್ಲಿ ಯಾರೂ ನೋಡುವವರಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಸೆರಗು ಇಳಿಸಿ, ಒಂದು ಖರ್ಜೂರ ಬಾಯಿಗೆ ಹಾಕಿಕೊಂಡ.

ಕಂಬಳಿಯಾಚೆಯಿಂದ ಕೆಮ್ಮು ಕೇಳಿಸಿತು.

"ಏ ಗಾಡಿ, ಹಿಂದುಗಡೆ ಯಾರೋ ಅಗೀತಾ ಇದ್ದಾರಲ್ಲ?"

ಅಘಾಲಿ ಬೀಜ ಸಮೇತ ನುಂಗಿದ.