ಪಾಸ್‌ವರ್ಡಿಗೆ ಬೀಗ ಹಾಕಲು ಹೋದಾಗ

ವೆಬ್‌ಸೈಟ್ ಕೆಲಸಕ್ಕೆ ಹೋದ ಕಡೆ ನನಗೆ ಚಹಾ ಸಿಗುತ್ತದೋ ಇಲ್ಲವೋ, ನಗಲಿಕ್ಕೊಂದು ವಿಷಯವಂತೂ ಸಿಕ್ಕೇ ಸಿಗುತ್ತದೆ. ನಮ್ಮ ಸುತ್ತಿನ ನಾಲ್ಕು ತಾಲ್ಲೂಕಿನ ಶಾಲೆ, ಸಂಘಗಳ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲ ಕಡೆ ಹೇಳುವುದು ಒಂದೇ ಮಾತು: ನೀವು ಒತ್ತಿದ ಪಾಸ್‌ವರ್ಡ್ ಇಂಟರ್‌ನೆಟ್ಟಿನಲ್ಲಿ ದೂರ ಪ್ರಯಾಣ ಮಾಡುತ್ತದೆ, ಸೈಟಿಗೆ ಬೀಗ, ಅಂದರೆ ಅಕ್ಷರಗಳನ್ನು ಕಲಸಿ ಕಳಿಸುವ ಏರ್ಪಾಡು, ಇಲ್ಲದಿದ್ದರೆ ಅಂಚೆ ಕಾರ್ಡಿನ ಹಾಗೆ ದಾರಿಯಲ್ಲಿ ಯಾರು ಬೇಕಾದರೂ ಓದಬಹುದು.

ಹೊನ್ನಾಳಿಯ ಸ್ಟಿಕ್ಕರ್

ಅಲ್ಲೊಂದು ಶಾಲೆಯ ಸೈಟ್ ತೆರೆದರೆ ಮೂಲೆಯಲ್ಲಿ 'ಸುರಕ್ಷಿತವಲ್ಲ' ಎಂದು ಬರುತ್ತಿತ್ತು. ಮಕ್ಕಳ ಅಂಕಪಟ್ಟಿ ನೋಡಲು ಶಾಲೆಗೆ ಬಂದ ಪೋಷಕರು ಗಾಬರಿಯಾಗುತ್ತಿದ್ದರು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು. ಹೋಗಿ ನೋಡಿದರೆ ಆ ಮಾತೇ ಕಾಣಲಿಲ್ಲ. ಗುಮಾಸ್ತರು ಮಾನಿಟರಿನ ಆ ಜಾಗಕ್ಕೆ ಹೂವಿನ ಸ್ಟಿಕ್ಕರ್ ಅಂಟಿಸಿದ್ದರು.

"ಈಗ ಯಾರೂ ಕೇಳಲ್ಲ ಬಿಡ್ರಿ," ಅಂದರು.

ನಾನು ಇಡೀ ದಿನ ಕೂತು ಸೈಟಿಗೆ ಬೀಗ ಹಾಕಿ, ಸ್ಟಿಕ್ಕರ್ ಕಿತ್ತು ತೋರಿಸಿದೆ. ಮುಖ್ಯೋಪಾಧ್ಯಾಯಿನಿ ಖುಷಿಪಟ್ಟರು. ಆಮೇಲೆ ಮೆಲ್ಲಗೆ, "ನಮ್ಮ ಗುಮಾಸ್ತರು ಒಂದೇ ನಿಮಿಷದಾಗೆ ಮಾಡಿದ್ರು ನೋಡ್ರಿ," ಅಂದರು.

ನ್ಯಾಮತಿಯ ಸರ್ಟಿಫಿಕೇಟ್

ಹಾಲಿನ ಸಂಘದ ಹಿರಿಯರೊಬ್ಬರಿಗೆ ಫೋನಿನಲ್ಲಿ ಹೇಳಿದೆ, "ನಿಮ್ಮ ಸೈಟಿಗೆ ಎಸ್ಸೆಸ್ಸೆಲ್ ಸರ್ಟಿಫಿಕೇಟ್ ಇಲ್ಲ ಯಜಮಾನ್ರೆ. ಅದಿಲ್ಲದೆ ಬೀಗ ಬೀಳಲ್ಲ."

"ಅಷ್ಟೇನಾ? ನಾಳೆ ತರ್ತೀನಿ ಬಿಡಮ್ಮ."

ಮರುದಿನ ತಮ್ಮೂರು ಸವಳಂಗದಿಂದ ಬೈಕಿನಲ್ಲಿ ಬಂದವರು, ಪ್ಲಾಸ್ಟಿಕ್ ಕವರಿನಿಂದ ಹಳೆಯದೊಂದು ಕಾಗದವನ್ನು ಜೋಪಾನವಾಗಿ ತೆಗೆದರು. ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ.

"ಸೆಕೆಂಡ್ ಕ್ಲಾಸು. ನಡೀತೈತಾ?"

ಜಗಳೂರಿನ ಅಕ್ಕ

ಮಹಿಳಾ ಸಂಘದ ತರಬೇತಿಯಲ್ಲಿ, ಬೀಗದ ಗುರುತು ನೋಡದೆ ಪಾಸ್‌ವರ್ಡ್ ಹಾಕಬೇಡಿ ಎಂದು ಕಲಿಸಿದ್ದೆ. ವಾರದ ನಂತರ ಸಂಘದ ಅಧ್ಯಕ್ಷೆ ಫೋನ್ ಮಾಡಿದರು. ಬ್ಯಾಂಕಿನ ಹೆಸರಿನಲ್ಲಿ ಅವರಿಗೊಂದು ಮೆಸೇಜ್ ಬಂದಿತ್ತು.

"ಅದ್ರಾಗಿನ ಲಿಂಕ್ ಒತ್ತಿದೆ ಕಣಮ್ಮ. ಬೀಗ ಇತ್ತು. ಆದ್ರೆ ಮೇಲಿದ್ದ ಸೈಟಿನ ಹೆಸರು ನಮ್ಮ ಬ್ಯಾಂಕಿಂದಲ್ಲ. ಪಾಸ್‌ವರ್ಡ್ ಹಾಕ್ದೆ ವಾಪಸ್ ಬಂದೆ."

ನನ್ನ ಪಾಠದಲ್ಲಿ ಬಿಟ್ಟುಹೋಗಿದ್ದೇ ಅದು: ಬೀಗ ದಾರಿಯನ್ನು ಕಾಯುತ್ತದೆ, ಆ ತುದಿಯಲ್ಲಿ ಕೂತವರು ಒಳ್ಳೆಯವರೆಂದು ಹೇಳುವುದಿಲ್ಲ. "ಅಕ್ಕಾ, ಅದನ್ನ ನಾನು ಹೇಳಿಕೊಟ್ಟಿರಲಿಲ್ಲ. ಹೆಂಗೆ ಗೊತ್ತಾತು?" ಅಂತ ಕೇಳಿದೆ.

"ಅದಕ್ಕೇನು ತರಬೇತಿ ಬೇಕಾ? ಕಳ್ಳನೂ ಅವನ ಮನೀಗೆ ಬೀಗ ಹಾಕ್ಕೊಂಡೇ ಬಂದಿರ್ತಾನೆ."

ಚನ್ನಗಿರಿಯ ಸಭೆ

ಇಲ್ಲಿ ಮಾತ್ರ ನಾನು ಸೋಲುವುದರಲ್ಲಿದ್ದೆ. ರೈತರ ಸಂಘವೊಂದರ ಸೈಟಿನಲ್ಲಿ ಸದಸ್ಯರೆಲ್ಲರ ಪಹಣಿ, ಫೋನ್ ನಂಬರ್ ಇದ್ದವು. ಬೀಗವಿರಲಿಲ್ಲ. ಮೂರು ಸಲ ಹೇಳಿದರೂ ಅಧ್ಯಕ್ಷರು ಒಪ್ಪಲಿಲ್ಲ.

"ನನ್ನ ಪಾಸ್‌ವರ್ಡ್ ನನ್ನ ಹೆಂಡ್ತಿಗೂ ಗೊತ್ತಿಲ್ಲ. ಇನ್ಯಾವನು ನೋಡ್ತಾನೆ?"

"ನಿಮ್ಮ ಒಪ್ಪಿಗೆ ಇದ್ರೆ ಇಲ್ಲೇ ತೋರಿಸ್ಲಾ?"

"ತೋರ್ಸಿ, ನೋಡಾನ."

ಸಭೆ ತುಂಬಿತ್ತು. ಕತ್ತಲಗೆರೆ, ಬಸವಾಪಟ್ಟಣದಿಂದಲೂ ಸದಸ್ಯರು ಬಂದಿದ್ದರು. ಅಧ್ಯಕ್ಷರ ಫೋನಿದ್ದ ವೈಫೈಗೇ ನನ್ನ ಲ್ಯಾಪ್‌ಟಾಪ್ ಜೋಡಿಸಿ ಕೂತೆ. ಅಧ್ಯಕ್ಷರು ಫೋನಿಗೆ ಕೈ ಅಡ್ಡ ಇಟ್ಟುಕೊಂಡು ಪಾಸ್‌ವರ್ಡ್ ಒತ್ತಿದರು. ಮರುಕ್ಷಣ ಅದು ನನ್ನ ಪರದೆಯ ಮೇಲೆ ಬಂತು. ಇಂಗ್ಲಿಷ್ ಅಕ್ಷರದಲ್ಲಿ, 'ಸೆಕ್ರೆಟರಿ ದಡ್ಡ'.

ನಾನು ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ, ಪಕ್ಕದಲ್ಲೇ ಕೂತಿದ್ದ ಸೆಕ್ರೆಟರಿ ಕನ್ನಡಕ ಹಾಕಿಕೊಂಡು ಓದಿ ಮುಗಿಸಿದ್ದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಮೇಡಂ, ಇವತ್ತೇ ಬೀಗ ಹಾಕ್ರಿ," ಅಂದರು.

ಮಧ್ಯಾಹ್ನದೊಳಗೆ ಹಾಕಿದೆ. ಎಲ್ಲರ ಮುಂದೆ ಅಧ್ಯಕ್ಷರು ಹೊಸ ಪಾಸ್‌ವರ್ಡ್ ಒತ್ತಿದರು. ಈ ಸಲ ನನ್ನ ಪರದೆಯಲ್ಲಿ ತಲೆಬುಡವಿಲ್ಲದ ಅಕ್ಷರಗಳಷ್ಟೇ. ಸದಸ್ಯರು ಚಪ್ಪಾಳೆ ತಟ್ಟಿದರು. ಗೆದ್ದೆ ಎಂದು ನಾನೂ ಬೀಗಿದೆ.

ಸೆಕ್ರೆಟರಿ ಮತ್ತೆ ಬಗ್ಗಿ ನೋಡಿ, ಸಮಾಧಾನದಿಂದ ತಲೆಯಾಡಿಸಿದರು.

"ಈಗ ಯಾರಿಗೂ ತಿಳಿಯಲ್ಲ. ಒಳ್ಳೇದಾತು ಬಿಡ್ರಿ ಮೇಡಂ. ಮೊದಲಿನ ಪಾಸ್‌ವರ್ಡಿನಾಗೆ ಅಧ್ಯಕ್ಷರು ಸೆಕ್ರೆಟರಿ ಸ್ಪೆಲಿಂಗ್ ತಪ್ಪು ಬರೆದಿದ್ರು."