ಲಾಂಛನದ ಜೇನು, ಸಜ್ಜಾದ ಜೇನು

ನಮ್ಮ ಜನ ಪ್ರಾಣಿಗೆ ಕೈಮುಗಿಯಬೇಕಾದರೆ ಅದು ಚಿತ್ರದಲ್ಲಿರಬೇಕು. ಗಣಪತಿಯ ಪಾದದ ಬಳಿ ಕುಳಿತ ಇಲಿಗೆ ಕಡುಬು, ಅಟ್ಟದ ಮೇಲೆ ಓಡಿದ ಇಲಿಗೆ ಪಾಷಾಣ. ಈಗ ಜೇನಿನ ಸರದಿ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾನು ಶಿವಮೊಗ್ಗದಿಂದ ದಿನವೂ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಬರುವ ಗುಮಾಸ್ತ. ನ್ಯೂ ಟೌನ್‌ನಲ್ಲಿರುವ ನಮ್ಮ ಸಹಕಾರ ಸಂಘದ ಮ್ಯಾನೇಜರ್ ಎಲ್ಲೋ ತರಬೇತಿಗೆ ಹೋಗಿ ಬಂದವರೇ ಸಂಘದ ಲಾಂಛನ ಬದಲಾಗಬೇಕು, ಅದರಲ್ಲಿ ಜೇನುಗೂಡಿರಬೇಕು ಎಂದರು. ಒಗ್ಗಟ್ಟು, ದುಡಿಮೆ, ಶಿಸ್ತು ಎಲ್ಲವೂ ಅದರಲ್ಲಿದೆಯಂತೆ. ಮಧ್ಯಾಹ್ನ ಮೂರರ ನಂತರ ನಮ್ಮ ಕೌಂಟರಿನಲ್ಲಿ ಇವು ಮೂರೂ ಸಿಗುವುದಿಲ್ಲ, ಅದು ಬೇರೆ ಮಾತು. ಅಜ್ಜ ಸಂಸ್ಕೃತ ಪಾಠ ಹೇಳುತ್ತಿದ್ದರೆಂಬ ಒಂದೇ ತಪ್ಪಿಗೆ, ಅನಾವರಣದ ದಿನ ಜೇನಿನ ಮಹಿಮೆ ಕುರಿತ ಭಾಷಣ ನನ್ನ ತಲೆಗೆ ಬಂತು. ಒಂದು ವಾರ ಓದಿದೆ. ಈಜಿಪ್ಟಿನ ದೊರೆಗಳ ಬಿರುದಿನಲ್ಲೇ ಜೇನ್ನೊಣವಿತ್ತು. ಅದು ಸೂರ್ಯದೇವನ ಕಣ್ಣೀರಿನಿಂದ ಹುಟ್ಟಿತೆಂದು ಅವರ ನಂಬಿಕೆ. ಗ್ರೀಕರು ದೇವಿಯ ಪೂಜಾರಿಣಿಯರನ್ನು ಜೇನ್ನೊಣಗಳೆಂದೇ ಕರೆಯುತ್ತಿದ್ದರು. ನಮ್ಮ ದೇವಿಯೋ ಭ್ರಾಮರಿಯಾಗಿ, ದುಂಬಿಗಳನ್ನು ಬಿಟ್ಟು ಅರುಣಾಸುರನನ್ನು ಮುಗಿಸಿದಳು. ಪಶ್ಚಿಮದ ಗುಪ್ತ ಸಂಘಗಳಿಗೂ ಜೇನುಗೂಡೇ ಗುರುತಂತೆ. ಅಷ್ಟು ಗುಪ್ತವಾದದ್ದು ನನ್ನ ಫೋನಿಗೆ ಹೇಗೆ ಬಂತೆಂದು ಕೇಳಬೇಡಿ.

ಕಚೇರಿಯ ಹಿಂದಿನ ಕಿಟಕಿಯ ಮೇಲೆ ಚಾಚಿದ ಸಜ್ಜಾದಡಿ ನಿಜವಾದ ಹೆಜ್ಜೇನೊಂದು ಕಟ್ಟಿತ್ತು. ಕಸ ಗುಡಿಸುವ ರತ್ನಮ್ಮನಿಗೆ ಅದರ ಮೇಲೆ ಅಕ್ಕರೆ. ಯಾರೂ ಅತ್ತ ಕಲ್ಲೆಸೆಯದಂತೆ ಕಾಯುತ್ತಿದ್ದಳು. ಯಾರಾದರೂ ಸುಡಿಸಿಬಿಟ್ಟಾರು ಎಂದು ಅವಳು ಹೆದರಿದಾಗ, ನಾನಿರುವವರೆಗೆ ಆ ಭಯ ಬೇಡ ಎಂದು ಮಾತು ಕೊಟ್ಟಿದ್ದೆ. ಸಮಾರಂಭದ ಬೆಳಿಗ್ಗೆ ಹೋಗಿ ನೋಡಿದರೆ ಸಜ್ಜಾ ಕಪ್ಪಾಗಿತ್ತು. ಅತಿಥಿಗಳಿಗೆ ಕಚ್ಚಿದರೆ ಗತಿಯೇನೆಂದು ಮ್ಯಾನೇಜರ್ ಹಿಂದಿನ ಸಂಜೆ ದೊಂದಿ ಹಿಡಿಸಿದ್ದರು. ರತ್ನಮ್ಮ ಸತ್ತ ನೊಣಗಳನ್ನು ಗುಡಿಸಿ ಮೊರಕ್ಕೆ ತುಂಬುತ್ತಿದ್ದಳು. "ಇವತ್ತು ಮೈಕಲ್ಲಿ ಇದನ್ನ ಹೇಳ್ತೀರಲ್ಲ ಸಾರ್?" ಎಂದಳು. ಹೇಳದೆ ಬಿಡುತ್ತೇನೆಯೇ ಎಂದೆ.

ನನ್ನ ರಕ್ತ ಕುದಿಯುತ್ತಿತ್ತು. ದೇವಿಯ ಸೇನೆಯನ್ನು ಸುಟ್ಟು ಅದರ ಚಿತ್ರಕ್ಕೆ ಹಾರ ಹಾಕುವ ಇವರೆಂಥ ಮನುಷ್ಯರು? ಭಾಷಣದ ಹಾಳೆಯ ಹಿಂಬದಿಗೆ ನಾಲ್ಕು ಖಾರವಾದ ಸಾಲು ಗೀಚಿಕೊಂಡೆ. ಮೈಕಿನ ಮುಂದೆ ನಿಂತು ಮುಂಬದಿಯನ್ನಷ್ಟೇ ಓದಿದೆ. ಈಜಿಪ್ಟಿಗೆ ಚಪ್ಪಾಳೆ ಬಿತ್ತು, ಭ್ರಾಮರಿಗೆ ಇನ್ನೂ ಜೋರಾಗಿ. ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ ರತ್ನಮ್ಮ, ನಾನು ಇಳಿದು ಬಂದಾಗ ಹೇಳಿದ್ದು ಇಷ್ಟೇ: "ಇಷ್ಟೆಲ್ಲ ಗೊತ್ತಿತ್ತಲ್ಲ ಸಾರ್ ನಿಮ್ಗೆ."

ಇಳಿಸಿದ ಜೇನನ್ನು ಮ್ಯಾನೇಜರ್ ಬಾಟಲಿಗಳಿಗೆ ತುಂಬಿಸಿ ಸಿಬ್ಬಂದಿಗೆಲ್ಲ ಹಂಚಿದರು. ರತ್ನಮ್ಮ ಬೇಡವೆಂದಳು. ನಾನು ಸಂಜೆ ಬಸ್ಸು ಮಲವಗೊಪ್ಪ ದಾಟುವವರೆಗೂ ಮ್ಯಾನೇಜರರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ, ಬಾಟಲಿ ಉರುಳದಂತೆ ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು. ಮರುದಿನ ದೋಸೆಗೆ ಹಾಕಿಕೊಂಡಾಗ ಹೇಗಿದೆ ಎಂದು ಹೆಂಡತಿ ಕೇಳಿದಳು. ಸ್ವಲ್ಪ ಹೊಗೆ ವಾಸನೆ, ಆದರೆ ಕಲಬೆರಕೆ ಇಲ್ಲ ಎಂದೆ.